ಎಂಟು ಲೋಟ ನೀರು

ನಮ್ಮ ಕಡೆ ಈ ಕೆಲಸಕ್ಕೆ ಇರುವಷ್ಟು ಹೆಸರುಗಳು ಬೇರೆ ಯಾವ ಕೆಲಸಕ್ಕೂ ಇಲ್ಲವೇನೋ. ಕೆರೆ ಕಡೆ ಹೋಗೋದು, ಬಯಲ ಕಡೆ ಹೋಗೋದು, ಹೊರಕಡೆ ಹೋಗೋದು, ಚೊಂಬು ತಗೊಂಡು ಹೋಗೋದು, ಸ್ಕೂಲಿನ ಮಕ್ಕಳಿಗಾದರೆ ಎತ್ತಿ ತೋರಿಸಿದ ಎರಡು ಬೆರಳು. ಇಷ್ಟು ಹೆಸರುಗಳು ಹುಟ್ಟಿಕೊಂಡಿರುವುದೇ ಆ ಮಾತು ಆಡದೆ ತಪ್ಪಿಸಿಕೊಳ್ಳುವುದಕ್ಕೆ. ಹಾಗಾಗಿ ಎಪ್ಪತ್ತೊಂದು ವರ್ಷದ ಅಪ್ಪನಿಗೆ, ಮದುವೆಯಾಗಿ ಬೇರೆ ಮನೆಗೆ ಹೋದ ಮಗಳು, ‘ಯಾವ ಬಣ್ಣಕ್ಕೆ ಹೋಗ್ತಾ ಇದೆ?’ ಎಂದು ಫೋನಿನಲ್ಲಿ ಕೇಳಬೇಕಾಗಿ ಬಂದಾಗ ನಲವತ್ತು ವರ್ಷದಲ್ಲಿ ಕಲಿತ ಕನ್ನಡವೆಲ್ಲ ಕೈಕೊಟ್ಟಿತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮವ್ವಂಗೆ ಕೊಡ್ತೀನಿ ಇರು’ ಎಂದು ಫೋನ್ ಅಮ್ಮನ ಕೈಗೆ ದಾಟಿಸಿಬಿಟ್ಟರು.

ಅಪ್ಪ ಇರುವುದು ಗುಬ್ಬಿ ತಾಲ್ಲೂಕಿನ ಹಳ್ಳಿಯಲ್ಲಿ. ದೀಪಾವಳಿ ಕಳೆದ ಮೇಲೆ ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡಲು ಶುರುಮಾಡಿದರು. ವಯಸ್ಸಾಯಿತು ಎಂದು ಎಲ್ಲರೂ ಅಂದುಕೊಂಡರು. ತುಮಕೂರಿಗೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.4. ಹೆಂಗಸರಲ್ಲಿ ಇಷ್ಟು ಕಡಿಮೆ ಬಂದರೆ ನಾಲ್ಕು ಕಾರಣ ಹೇಳಬಹುದು, ಈ ವಯಸ್ಸಿನ ಗಂಡಸರಲ್ಲಿ ಕಬ್ಬಿಣದ ಅಂಶ ಹೀಗೆ ಇಳಿದರೆ ಮೊದಲು ಕರುಳನ್ನು ಅನುಮಾನಿಸಬೇಕು, ಎಲ್ಲೋ ಒಳಗೆ ಕಣ್ಣಿಗೆ ಕಾಣದ ಹಾಗೆ ರಕ್ತ ಸೋರುತ್ತಿರಬಹುದು ಎಂದರು ಡಾಕ್ಟರು. ಕೊಲೊನೋಸ್ಕೋಪಿ ಮಾಡಿಸಿ ಎಂದು ಬರೆದುಕೊಟ್ಟರು. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ. ಅದರೊಳಗೆ ಕ್ಯಾಮೆರಾ ಇರುವ ಬಾಗುವ ಕೊಳವೆಯನ್ನು ಹಿಂದಿನಿಂದ ಬಿಟ್ಟು ಪೂರ್ತಿ ನೋಡಿಕೊಂಡು ಬರುವುದು.

ನಮಗೆ ಭಯವಾದದ್ದು ಕೊಳವೆಗಲ್ಲ. ಎರಡು ವರ್ಷದ ಹಿಂದೆ ಕುಣಿಗಲ್ಲಿನ ಸೋದರತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಇದೇ ಪರೀಕ್ಷೆ ಆಗಿತ್ತು. ಒಂದಲ್ಲ, ಎರಡು ಸಲ. ಮೊದಲ ಸಲ ಕೊಳವೆ ಅರ್ಧ ದಾರಿಯಿಂದ ವಾಪಸು ಬಂತು. ಒಳಗೆ ಏನೂ ಕಾಣಲಿಲ್ಲ, ಬರೀ ಸೊಪ್ಪಿನ ಚೂರು, ಕಾಳಿನ ಸಿಪ್ಪೆ. ಹಿಂದಿನ ದಿನ ಮನೆಗೆ ನೆಂಟರು ಬಂದಿದ್ದರಂತೆ, ಅವರೇಕಾಯಿ ಕಾಲ ಬೇರೆ. ‘ನಾನು ತಿಂದಿದ್ದು ಹಿದಕಿದ ಬೇಳೆ ಕಣೇ, ಅದರಲ್ಲಿ ಸಿಪ್ಪೆ ಎಲ್ಲಿಂದ ಬರ್ಬೇಕು?’ ಎಂದು ಅತ್ತೆ ಇವತ್ತಿಗೂ ವಾದ ಮಾಡುತ್ತಾರೆ. ಕುಡಿಯಬೇಕಾದ ಔಷಧಿಯಲ್ಲಿ ಅರ್ಧ ಬಚ್ಚಲಿಗೆ ಸುರಿದದ್ದನ್ನು ಮಾತ್ರ ಹೇಳುವುದಿಲ್ಲ, ಅದನ್ನು ಸೊಸೆ ಹೇಳಿದಳು. ಮೂರು ವಾರ ಬಿಟ್ಟು ಎರಡನೇ ಸಲ ಮಾಡಿದಾಗ, ಮೊದಲ ಸಲ ಕೊಳವೆ ಮುಟ್ಟದೇ ಇದ್ದ ಬಲಭಾಗದಲ್ಲೇ ಕಡಲೆಕಾಳಿನ ಗಾತ್ರದ ಗಂಟು ಸಿಕ್ಕಿತು. ಪಾಲಿಪ್. ಅಲ್ಲೇ ಕತ್ತರಿಸಿ ತೆಗೆದರು. ಕೆಲವು ಜಾತಿಯ ಪಾಲಿಪ್‌ಗಳು ಹತ್ತು ಹದಿನೈದು ವರ್ಷ ತೆಗೆದುಕೊಂಡು ನಿಧಾನವಾಗಿ ಕ್ಯಾನ್ಸರ್ ಆಗುತ್ತವೆ, ಅತ್ತೆಯದು ಆ ಜಾತಿಯದೇ ಆಗಿತ್ತು. ಈಗ ಅವರ ತಮ್ಮನಿಗೆ ರಕ್ತ ಕಡಿಮೆ ಎಂದರೆ ನಮ್ಮ ತಲೆಯಲ್ಲಿ ಓಡಿದ್ದೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಪರೀಕ್ಷೆಗಿಂತ ಅದರ ತಯಾರಿಯೇ ನಮಗೆ ದೊಡ್ಡದಾಯಿತು. ಒಳಗೆ ಒಂದು ಚೂರೂ ಉಳಿಯಬಾರದು, ಉಳಿದರೆ ಅದರ ಮರೆಯಲ್ಲಿ ಯಾವುದು ಕೂತಿರುತ್ತದೋ. ಅಪ್ಪನ ಸಲಹೆ ಸರಳವಾಗಿತ್ತು: ‘ಎರಡು ಚಮಚ ಹರಳೆಣ್ಣೆ ಕೊಟ್ಬಿಡಿ, ಬೆಳಗ್ಗೆ ಹೊತ್ಗೆ ಎಲ್ಲಾ ಕ್ಲೀನು.’ ನಮ್ಮಜ್ಜಿ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಮೂಗು ಹಿಡಿದು, ಬಿಸಿ ಕಾಫಿಗೆ ಹರಳೆಣ್ಣೆ ಹಾಕಿ ಕುಡಿಸುತ್ತಿದ್ದರು. ಆ ದಿನ ಮಧ್ಯಾಹ್ನಕ್ಕೆ ಮೆಣಸಿನ ಸಾರು, ಮೆತ್ತನೆ ಅನ್ನ. ಆಮೇಲೆ ಎಷ್ಟೋ ವರ್ಷ ನನಗೆ ಕಾಫಿಯೇ ಸೇರುತ್ತಿರಲಿಲ್ಲ. ಅಪ್ಪನ ಮಾತು ತೀರಾ ಹಳೆಯ ಕಾಲದ್ದೇನೂ ಅಲ್ಲ. ಕೊಲೊನೋಸ್ಕೋಪಿ ಬಳಕೆಗೆ ಬಂದದ್ದು 1969ರ ಆಸುಪಾಸಿನಲ್ಲಿ, ನ್ಯೂಯಾರ್ಕಿನ ಶಿನ್ಯಾ ಮತ್ತು ವೂಲ್ಫ್ ಎಂಬ ವೈದ್ಯರಿಂದ. ಆಗ ಅಲ್ಲಿಯ ರೋಗಿಗಳಿಗೂ ದಿನಗಟ್ಟಲೆ ಬರೀ ತಿಳಿನೀರು, ಹರಳೆಣ್ಣೆಯಂಥ ಭೇದಿ ಔಷಧಿ, ಮೇಲೆ ಎನಿಮಾ ಎಂದೇ ನಡೆಯುತ್ತಿತ್ತು. ಮ್ಯಾನಿಟಾಲ್ ಎಂಬ ಸಕ್ಕರೆಯ ಜಾತಿಯ ದ್ರಾವಣವೂ ಇತ್ತು. ಕರುಳಿನ ಬ್ಯಾಕ್ಟೀರಿಯಾ ಅದನ್ನು ತಿಂದು ಹೈಡ್ರೋಜನ್ ಅನಿಲ ಮಾಡಿ, ಪಾಲಿಪ್ ಸುಡುವ ವಿದ್ಯುತ್ ಕಿಡಿಗೆ ಕರುಳೇ ಸ್ಫೋಟಿಸಿ ರೋಗಿ ಸತ್ತ ಪ್ರಕರಣ 1979ರಲ್ಲಿ ವರದಿಯಾಗಿದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪನಿಗೆ ಹೇಳಲೂ ಇಲ್ಲ.

ಈಗ ಮೆಡಿಕಲ್ ಸ್ಟೋರಿನಲ್ಲಿ ಮುಖ್ಯವಾಗಿ ಸಿಗುವುದು ಮೂರು ಬಗೆ. ಒಂದು ಸಣ್ಣ ಬಾಟಲಿ, ಸೋಡಿಯಂ ಫಾಸ್ಫೇಟ್ ದ್ರಾವಣ, ಸ್ವಲ್ಪ ನೀರಿಗೆ ಬೆರೆಸಿ ಗಟಗಟನೆ ಕುಡಿದರೆ ಮುಗಿಯಿತು. ಇನ್ನೊಂದು ಸೋಡಿಯಂ ಪಿಕೋಸಲ್ಫೇಟಿಗೆ ಮೆಗ್ನೀಸಿಯಂ ಸೇರಿಸಿದ ಸಣ್ಣ ಪೊಟ್ಟಣ, ಕಿತ್ತಳೆ ಶರಬತ್ತಿನ ಹಾಗೆ ಒಂದು ಲೋಟ. ಮೂರನೆಯದು ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳ ಪುಡಿ, ಎಲ್ಲರೂ ಪಿಇಜಿ ಅನ್ನುವುದು. ಎರಡು ಲೀಟರ್ ನೀರಿಗೆ ಕಲಸಬೇಕು, ಎರಡು ಲೀಟರನ್ನೂ ಕುಡಿಯಬೇಕು. ಗುಬ್ಬಿಯ ಮೆಡಿಕಲ್ ಸ್ಟೋರಿನ ಹುಡುಗ ಅಪ್ಪನ ಮೇಲಿನ ಪ್ರೀತಿಗೆ, ‘ಯಾಕ್ ಯಜಮಾನ್ರೆ ಅಷ್ಟೊಂದು ಕುಡೀತೀರಾ, ಈ ಸಣ್ಣ ಬಾಟಲೀನೇ ಕೇಳಿ, ಸಲೀಸು’ ಎಂದು ತಲೆಗೆ ಹುಳ ಬಿಟ್ಟಿದ್ದ. ಅಪ್ಪ ಅದನ್ನೇ ಹಿಡಿದುಕೊಂಡು ಡಾಕ್ಟರ ಮುಂದೆ ಕೂತರು.

ಡಾಕ್ಟರು ಅಪ್ಪನ ಫೈಲು ತಿರುಗಿಸಿ ಒಂದು ಅಂಕಿಯ ಮೇಲೆ ಪೆನ್ನಿಟ್ಟರು. ಕ್ರಿಯಾಟಿನಿನ್ 1.7. ಹದಿನೈದು ವರ್ಷದ ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ, ಮೂತ್ರಪಿಂಡ ಆಗಲೇ ಸೋತಿದೆ. ಸಣ್ಣ ಬಾಟಲಿಯ ಔಷಧಿ ಕೆಲಸ ಮಾಡುವುದು ಮೈಯೊಳಗಿನ ನೀರನ್ನು ಕರುಳಿಗೆ ಎಳೆದು. ಅದರ ಫಾಸ್ಫೇಟ್ ರಕ್ತಕ್ಕೆ ಸೇರಿ, ಸೋತ ಮೂತ್ರಪಿಂಡದಲ್ಲಿ ಹರಳುಗಟ್ಟಿ ಕೂತು ಅದನ್ನು ಶಾಶ್ವತವಾಗಿ ಕೆಡಿಸಬಹುದು. 2008ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಇದೇ ಕಾರಣಕ್ಕೆ ಕಟ್ಟೆಚ್ಚರಿಕೆ ಕೊಟ್ಟಿತ್ತು. ಎರಡನೆಯದರ ಮೆಗ್ನೀಸಿಯಂ ಕೂಡ ಮೂತ್ರಪಿಂಡದಿಂದಲೇ ಹೊರಹೋಗಬೇಕು. ಮೂರನೆಯದು ಹಾಗಲ್ಲ. 1980ರಲ್ಲಿ ಫೋರ್ಡ್‌ಟ್ರಾನ್ ಎಂಬ ವೈದ್ಯರ ತಂಡ ಲವಣಗಳನ್ನು ಎಷ್ಟು ಅಳತೆ ಮಾಡಿ ಸೇರಿಸಿತೆಂದರೆ, ಆ ನೀರು ಮೈಯಿಂದ ಏನನ್ನೂ ಕೀಳುವುದಿಲ್ಲ, ಮೈಗೆ ಹೆಚ್ಚೇನನ್ನೂ ಬಿಡುವುದಿಲ್ಲ.

‘ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ ಯಜಮಾನ್ರೆ’ ಎಂದರು ಡಾಕ್ಟರು. ‘ಹೇಮಾವತಿ ನಾಲೆ ನೀರು ದಾರೀಲಿ ಯಾರೂ ಪಂಪ್ ಇಟ್ಟು ಎತ್ತದೆ, ಬಿಟ್ಟಷ್ಟು ಬಿಟ್ಟಹಾಗೇ ಕುಣಿಗಲ್ ಕೆರೆ ಸೇರಿದ್ರೆ ಹೆಂಗಿರುತ್ತೆ, ಹಂಗೆ ಇದು.’

‘ಅಂಥಾ ನಾಲೆ ನಮ್ಮ ಜಿಲ್ಲೇಲಿ ಇನ್ನೂ ಆಗಿಲ್ಲ ಬಿಡಿ ಸಾರ್’ ಎಂದರು ಅಪ್ಪ. ಆದರೆ ಒಪ್ಪಿಕೊಂಡರು. ನಾಲೆಯ ಕೊನೆಯಲ್ಲಿರುವ ಕುಣಿಗಲ್ಲಿನ ಅಕ್ಕ ನೀರಿನ ವಿಷಯಕ್ಕೆ ಗುಬ್ಬಿಯವರನ್ನೆಲ್ಲ ಬೈಯುವುದು ಅವರಿಗೆ ಹೊಸದಲ್ಲ.

ಔಷಧಿ ಆರಿಸಿದ್ದಾಯಿತು. ಉಳಿದದ್ದು ಊಟ. ಆಸ್ಪತ್ರೆಯವರು ಕೊಟ್ಟ ಇಂಗ್ಲಿಷ್ ಹಾಳೆಯಲ್ಲಿ ಬಿಳಿ ಬ್ರೆಡ್ ತಿನ್ನಿ, ಸೇಬಿನ ರಸ ಕುಡಿಯಿರಿ, ಜೆಲ್ಲಿ ತಿನ್ನಿ ಎಂದಿತ್ತು. ಬೀಜ, ಸಿಪ್ಪೆ, ನಾರು, ಇಡೀ ಧಾನ್ಯ ಬೇಡ ಎಂದೂ ಇತ್ತು. ನಮ್ಮ ಸೀಮೆಯ ಊಟಕ್ಕೆ ಈ ಹಾಳೆ ತಂದರೆ ಉಳಿಯುವುದೇನು? ರಾಗಿಮುದ್ದೆ ಹೋಯಿತು. ರಾಗಿಕಾಳು ಎಷ್ಟು ಸಣ್ಣದೆಂದರೆ ಅಕ್ಕಿಯ ಹಾಗೆ ಹೊಟ್ಟು ಬಿಡಿಸಿ ಪಾಲಿಶ್ ಮಾಡುವುದು ಸುಲಭವಲ್ಲ, ಕಂದು ಸಿಪ್ಪೆಯ ಸಮೇತ ಬೀಸುತ್ತೇವೆ. ಬೇರೆ ದಿನ ಅದೇ ಅದರ ಹೆಚ್ಚುಗಾರಿಕೆ, ಈಗ ಅದೇ ಅಡ್ಡಿ. ಬಸ್ಸಾರು ಹೋಯಿತು, ಹುರುಳಿಕಾಳು, ಸೊಪ್ಪು, ಕಾಯಿತುರಿ, ಟೊಮ್ಯಾಟೊ ಎಲ್ಲ ಹೋದವು. ಮೂರು ದಿನ ಬಿಳಿ ಅನ್ನ, ಇಡ್ಲಿ, ರವೆ ಗಂಜಿ, ಸೋಸಿದ ತಿಳಿಸಾರು. ಹುಟ್ಟಿದಾಗಿನಿಂದ ದಿನಕ್ಕೆ ಎರಡು ಹೊತ್ತು ಮುದ್ದೆ ನುಂಗಿದ ಜೀವ, ಎರಡನೇ ದಿನಕ್ಕೇ ‘ಹೊಟ್ಟೆಗೆ ಏನೂ ಬಿದ್ದಂಗಿಲ್ಲ ಕಣವ್ವ’ ಎಂದು ಮುಖ ಸಣ್ಣದು ಮಾಡಿಕೊಂಡಿತು. ಕಬ್ಬಿಣದ ಮಾತ್ರೆಯನ್ನು ವಾರದ ಹಿಂದೆಯೇ ನಿಲ್ಲಿಸಿದ್ದರು, ಅದು ಮಲವನ್ನು ಕಪ್ಪಗೆ ಅಂಟುಅಂಟಾಗಿ ಮಾಡುತ್ತದಂತೆ. ಎಳನೀರು ತಿಳಿಯಾದ ದ್ರವ ತಾನೇ, ತೋಟದಿಂದ ಒಂದು ಗೊನೆ ತರಿಸಿಕೊಂಡುಬಿಡೋಣ ಎಂದು ನಾವೆಲ್ಲ ಖುಷಿಯಾಗಿದ್ದೆವು. ಡಾಕ್ಟರು ಅದಕ್ಕೂ ಕಡಿವಾಣ ಹಾಕಿದರು. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಈ ಮೂತ್ರಪಿಂಡಕ್ಕೆ ಒಂದು ಸಾಕು ಎಂದರು. ಸಕ್ಕರೆ ಮಾತ್ರೆ ಯಾವುದು ನಿಲ್ಲಿಸಬೇಕು, ಯಾವುದು ಅರ್ಧ ಮಾಡಬೇಕು ಎಂದೂ ಅವರೇ ಚೀಟಿ ಬರೆದರು. ಇದು ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ, ಪಕ್ಕದ ಮನೆಯವರ ಚೀಟಿ ನಮಗೆ ನಡೆಯುವುದಿಲ್ಲ.

ಆ ಇಂಗ್ಲಿಷ್ ಹಾಳೆಯಲ್ಲಿ ಇಲ್ಲದೇ ಇದ್ದ ಪ್ರಶ್ನೆಯೊಂದಿತ್ತು. ಪುಡಿಯನ್ನು ಎರಡು ಭಾಗ ಮಾಡಿ, ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಯ ದಿನ ಬೆಳಗಿನ ಜಾವ ಕುಡಿಯಬೇಕು. ರಾತ್ರಿಯೇ ಎಲ್ಲ ಕುಡಿದರೆ ಬೆಳಗಿನ ಹೊತ್ತಿಗೆ ಸಣ್ಣ ಕರುಳಿನಿಂದ ಪಿತ್ತದ ಜಿಗುಟು ಇಳಿದು ಬಲಭಾಗವನ್ನು ಮತ್ತೆ ಮುಚ್ಚುತ್ತದೆ. ಅತ್ತೆಯ ಗಂಟು ಇದ್ದದ್ದೂ ಅಲ್ಲೇ. ಪರೀಕ್ಷೆ ಹನ್ನೊಂದು ಗಂಟೆಗೆ, ಅಂದರೆ ಐದಕ್ಕೆ ಎದ್ದು ಕುಡಿಯಬೇಕು. ಕುಡಿದವರು ನಮ್ಮೂರಿಂದ ಗುಬ್ಬಿಗೆ ಆಟೋ, ಗುಬ್ಬಿಯಿಂದ ತುಮಕೂರಿಗೆ ಬಸ್ಸು ಹತ್ತಿ ಬರುವುದು ಹೇಗೆ? ಇಪ್ಪತ್ತು ಕಿಲೋಮೀಟರು ಹೆಚ್ಚೇನಲ್ಲ, ಆದರೆ ಆ ಹೊಟ್ಟೆಯಲ್ಲಿ ಎರಡು ಕಿಲೋಮೀಟರೂ ಹೆಚ್ಚೇ. ಇನ್ನು ಊರಿನ ಮನೆಯ ಕಕ್ಕಸು ಹಿತ್ತಲಾಚೆ, ರಾತ್ರಿ ಕತ್ತಲಲ್ಲಿ ಹತ್ತು ಸಲ ಮೂರು ಮೆಟ್ಟಿಲು ಹತ್ತಿ ಇಳಿಯಬೇಕು, ಮಂಡಿ ನೋವಿನವರು. ‘ಸೊಂಟ ಮುರ್ಕೊಂಡು ಬಂದ್ರೆ ಅದಕ್ಕೊಂದು ಬೇರೆ ಆಸ್ಪತ್ರೆ’ ಎಂದು ಅಮ್ಮ ಹೇಳಿದ್ದೇ ಕೊನೆಯ ತೀರ್ಪಾಯಿತು.

ಹಾಗಾಗಿ ಹಿಂದಿನ ದಿನವೇ ಅಪ್ಪ ಅಮ್ಮ ತುಮಕೂರಿನ ನಮ್ಮ ಬಾಡಿಗೆ ಮನೆಗೆ ಬಂದರು. ಇರುವುದು ಒಂದೇ ಬಚ್ಚಲು. ನಮ್ಮ ಮನೆಯವರು ಮಗನನ್ನು ಕರೆದುಕೊಂಡು, ‘ಮಾವಯ್ಯಂಗೆ ಸಂಕೋಚ ಆಗೋದು ಬೇಡ’ ಎಂದು ಅವರಣ್ಣನ ಮನೆಗೆ ಮಲಗಲು ಹೋದರು. ಪ್ಲಾಸ್ಟಿಕ್ ಕಮೋಡ್ ಕುರ್ಚಿ ಬಾಡಿಗೆಗೆ ತಂದಿದ್ದೆ. ಸಂಜೆ ಆರಕ್ಕೆ ಫ್ರಿಜ್ಜಿನಲ್ಲಿಟ್ಟಿದ್ದ ಒಂದು ಲೀಟರನ್ನು ನಾಲ್ಕು ಲೋಟ ಮಾಡಿ ಸಾಲಾಗಿ ಇಟ್ಟೆ. ಹದಿನೈದು ನಿಮಿಷಕ್ಕೊಂದು. ಮೊದಲ ಲೋಟ ಕುಡಿದು ಅಪ್ಪ, ‘ಉಪ್ಪಿನಕಾಯಿ ಜಾಡಿ ತೊಳೆದ ನೀರಿಗೆ ನಿಂಬೆಹಣ್ಣಿನ ಪೆಪ್ಪರಮಿಂಟು ಹಾಕ್ದಂಗೈತೆ’ ಎಂದರು. ರುಚಿ ನೋಡಿದೆ, ಅದಕ್ಕಿಂತ ಸರಿಯಾಗಿ ಯಾವ ವಿಮರ್ಶಕರೂ ಹೇಳಲಾರರು. ಮೂರನೆಯ ಲೋಟಕ್ಕೆ ವಾಕರಿಕೆ ಬಂತು. ಅರ್ಧ ಗಂಟೆ ಬಿಟ್ಟು, ಇನ್ನಷ್ಟು ತಣ್ಣಗೆ ಮಾಡಿ, ಸ್ಟ್ರಾ ಹಾಕಿ ನಾಲಿಗೆಯ ಹಿಂದಕ್ಕೆ ಎಳೆದುಕೊಳ್ಳುವಂತೆ ಕೊಟ್ಟಾಗ ಇಳಿಯಿತು.

ಮುಕ್ಕಾಲು ಗಂಟೆ ಏನೂ ಆಗಲಿಲ್ಲ. ‘ನಮ್ಮ ಹರಳೆಣ್ಣೆ ಆಗಿದ್ರೆ...’ ಎಂದು ಶುರುಮಾಡಿದವರು ಮಾತು ಮುಗಿಸಲಿಲ್ಲ, ಎದ್ದು ನಡೆದರು.

ಆಮೇಲೆ ರಾತ್ರಿಯೆಲ್ಲ ಬಚ್ಚಲ ಲೈಟು ಆರಲಿಲ್ಲ. ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು. ‘ಉಪವಾಸನೂ ಆಯ್ತು, ಜಾಗರಣೆನೂ ಆಯ್ತು, ಈ ವರ್ಷ ನಂಗೆ ಎರಡು ಶಿವರಾತ್ರಿ’ ಎಂದರು ಅಪ್ಪ. ಮಧ್ಯರಾತ್ರಿ ಹೊತ್ತಿಗೆ ಸಂಕೋಚವೂ ನೀರಿನ ಜೊತೆ ಹೋಗಿತ್ತು. ನಾನು ನಡುಮನೆಯಲ್ಲಿ ಕೂತಿರುತ್ತಿದ್ದೆ, ಅವರು ಒಳಗಿನಿಂದಲೇ ವರದಿ ಒಪ್ಪಿಸುತ್ತಿದ್ದರು. ‘ರಾಗಿ ಅಂಬಲಿ ಥರ.’ ಸ್ವಲ್ಪ ಹೊತ್ತಿಗೆ, ‘ಕೆರೆಗೆ ಹೊಸನೀರು ಬಂದಂಗೆ.’ ಬೆಳಗಿನ ಜಾವದ ನಾಲ್ಕು ಲೋಟ ಮುಗಿದು, ಆರೂಕಾಲಿನ ಹೊತ್ತಿಗೆ, ‘ಗಂಜಲದ ಬಣ್ಣ ಕಣವ್ವ, ತಳ ಕಾಣ್ತೈತೆ!’ ಹಾಳೆಯಲ್ಲಿ ಬರೆದಿದ್ದ ‘ತಿಳಿ ಹಳದಿ, ಪಾರದರ್ಶಕ’ ಎಂದರೆ ಇದೇ. ಅದೇ ಅಪ್ಪ ಎರಡು ವಾರದ ಹಿಂದೆ ಫೋನನ್ನು ಅಮ್ಮನ ಕೈಗೆ ಕೊಟ್ಟಿದ್ದರು.

ಪರೀಕ್ಷೆ ಅರ್ಧ ಗಂಟೆಯಲ್ಲಿ ಮುಗಿಯಿತು. ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರಿಂದ ಅಪ್ಪನಿಗೆ ಒಂದೂ ಗೊತ್ತಾಗಲಿಲ್ಲ. ಬಲಭಾಗದಲ್ಲಿ ಎರಡು ಪಾಲಿಪ್, ಒಂದು ಸಣ್ಣದು, ಇನ್ನೊಂದು ಹದಿನೆಂಟು ಮಿಲಿಮೀಟರಿನದು, ಮೇಲ್ಮೈಯಲ್ಲಿ ರಕ್ತ ಜಿನುಗುತ್ತಿತ್ತು. ಚಪ್ಪಟೆಯಾಗಿ ಗೋಡೆಗೆ ಅಂಟಿಕೊಂಡಿತ್ತು, ಮೇಲೆ ಸ್ವಲ್ಪ ಮಡ್ಡಿ ಇದ್ದಿದ್ದರೂ ಕಾಣುತ್ತಿರಲಿಲ್ಲ ಎಂದು ಡಾಕ್ಟರು ಪರದೆಯ ಮೇಲೆ ತೋರಿಸಿದರು. ಎರಡನ್ನೂ ತೆಗೆದು ಬಯಾಪ್ಸಿಗೆ ಕಳಿಸಿದರು. ಹತ್ತು ದಿನ ನಾವು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪ ಮಾತ್ರ ದಿನಕ್ಕೆರಡು ಮುದ್ದೆ ಹೊಡೆದು ಮೂರು ದಿನದ ಬಾಕಿ ತೀರಿಸಿಕೊಳ್ಳುತ್ತಿದ್ದರು. ವರದಿಯಲ್ಲಿ ಅಡಿನೋಮಾ ಎಂದಿತ್ತು, ಕ್ಯಾನ್ಸರಿಗೆ ತಿರುಗಿರಲಿಲ್ಲ. ಮೂರು ವರ್ಷ ಬಿಟ್ಟು ಮತ್ತೆ ನೋಡಬೇಕು. ಜೊತೆಗೆ ನನಗೂ ನನ್ನ ತಮ್ಮನಿಗೂ ನಲವತ್ತು ದಾಟಿದ್ದರೆ ಒಮ್ಮೆ ಮಾಡಿಸಿ ಎಂದರು. ತಮ್ಮ ಇನ್ನೂ ಯೋಚಿಸುತ್ತಿದ್ದಾನೆ.

ವರದಿಯ ಮೂಲೆಯಲ್ಲಿ ‘8/9’ ಎಂದು ಬರೆದಿತ್ತು. ಕರುಳನ್ನು ಮೂರು ಭಾಗ ಮಾಡಿ, ಎಷ್ಟು ಶುಭ್ರವಾಗಿದೆ ಎಂದು ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವ ಬಾಸ್ಟನ್ ಮಾಪಕ ಅದು. ವಿವರಿಸಿದ ಕೂಡಲೇ ಅಪ್ಪ ಕುಣಿಗಲ್ಲಿಗೆ ಫೋನ್ ಮಾಡಿಸಿದರು.

‘ಅಕ್ಕಯ್ಯ, ನಂಗೆ ಒಂಬತ್ತಕ್ಕೆ ಎಂಟು ಬಂದೈತೆ. ನಿಂಗೆ ಮೊದಲ್ನೇ ಸಲ ಎಷ್ಟು ಕೊಟ್ಟಿದ್ರು?’

ಆ ಕಡೆಯಿಂದ ಅತ್ತೆ ಹಿದಕಿದ ಬೇಳೆಯ ವಿಷಯವನ್ನು ಮತ್ತೆ ಮೊದಲಿನಿಂದ ಹೇಳಿದರು. ಹೇಳಿ ಮುಗಿಸಿ, ಫೋನ್ ನನಗೆ ಕೊಡಲು ಹೇಳಿದರು. ಮುಂದಿನ ವರ್ಷ ಅವರದೂ ಮತ್ತೆ ಇದೆ.

‘ನಿಮ್ಮಪ್ಪ ಕುಡಿದಿದ್ದು ಯಾವುದೇ? ಹೆಸರು ಒಂದು ಚೀಟೀಲಿ ಬರ್ದಿಡು. ಆಮೇಲೆ ನಾನೂ ನಿಮ್ಮನೆಗೇ ಬರ್ತೀನಿ, ಇಲ್ಲಿ ಸೊಸೆ ಲೆಕ್ಕ ಇಡ್ತಾಳೆ.’