ಮಾಹಿತಿಯ ವ್ಯಾಪಾರ ಮತ್ತು ಶ್ರಾವಕನ ತಕ್ಕಡಿ

ಶ್ರಾವಕನಲ್ಲಿ ಇರಬೇಕಾದ ಗುಣಗಳನ್ನು ಎಣಿಸುವಾಗ ಪಂಡಿತ ಆಶಾಧರರು ತಮ್ಮ ‘ಸಾಗಾರಧರ್ಮಾಮೃತ’ದಲ್ಲಿ ನ್ಯಾಯದಿಂದ ಗಳಿಸಿದ ಧನಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ಗುಣವಂತರಲ್ಲಿ ಆದರ, ಹಿತವಾದ ಮಾತು ಮೊದಲಾದವು ಆ ಬಳಿಕ ಬರುತ್ತವೆ. ಗಳಿಕೆಯ ದಾರಿ ಶುದ್ಧವಾಗಿರದಿದ್ದರೆ ಬಸದಿಗೆ ಸಲ್ಲಿಸಿದ ಕಾಣಿಕೆ ಅದನ್ನು ತೊಳೆಯಲಾರದು. ಹೊಸ ಉದ್ಯೋಗವೊಂದು ಮನೆಯ ಹೊಸ್ತಿಲು ದಾಟಿ ಬಂದಾಗ ಗೃಹಸ್ಥನು ಕೇಳಬೇಕಾದ ಮೊದಲ ಪ್ರಶ್ನೆ ಲಾಭದ್ದಲ್ಲ, ಈ ಶುದ್ಧಿಯದು.

ಗಣಕಯಂತ್ರದ ಮುಂದೆ ಕುಳಿತು ಇತರರಿಗೆ ಬೇಕಾದ ಮಾಹಿತಿಯನ್ನು ಅಂತರ್ಜಾಲದಲ್ಲಿ ಶೋಧಿಸಿ, ವಿಂಗಡಿಸಿ, ವರದಿಯಾಗಿ ಒದಗಿಸುವುದು ಅಂಥದೊಂದು ಉದ್ಯೋಗ. ಅಮೆರಿಕದಲ್ಲಿ ಇಂಥ ಸ್ವತಂತ್ರ ವೃತ್ತಿನಿರತರ ಸಂಘವೊಂದು 1987ರಲ್ಲಿಯೇ ಸ್ಥಾಪನೆಯಾಯಿತು. ಭಾರತದಲ್ಲಿ ವಿದೇಶ ಸಂಚಾರ ನಿಗಮವು ಅಂತರ್ಜಾಲವನ್ನು ಜನಸಾಮಾನ್ಯರಿಗೆ ತೆರೆದದ್ದು 1995ರ ಆಗಸ್ಟ್ 15ರಂದು. 2002ರಲ್ಲಿ ಆರಂಭವಾದ ‘ಗೂಗಲ್ ಆನ್ಸರ್ಸ್’ ಸೇವೆಯಲ್ಲಿ ಪ್ರಶ್ನೆ ಕೇಳುವವರು 2ರಿಂದ 200 ಡಾಲರುಗಳವರೆಗೆ ಬೆಲೆ ನಿಗದಿಪಡಿಸುತ್ತಿದ್ದರು. ಅದರ ಮುಕ್ಕಾಲು ಪಾಲು ಉತ್ತರ ಹುಡುಕಿದವರಿಗೆ ಸಲ್ಲುತ್ತಿತ್ತು. 2006ರ ಕೊನೆಯಲ್ಲಿ ಆ ಸೇವೆ ನಿಂತಿತಾದರೂ ಅದರಿಂದ ಒಂದು ಸಂಗತಿ ಸ್ಪಷ್ಟವಾಯಿತು. ಉಚಿತವಾಗಿ ಸಿಗುವ ಮಾಹಿತಿಯ ರಾಶಿಯಿಂದ ಜೊಳ್ಳನ್ನು ತೂರಿ ಕಾಳನ್ನು ಕೊಡುವವರಿಗೆ ಜನ ಹಣ ಕೊಡುತ್ತಾರೆ.

ವಾಣಿಜ್ಯ ಪದವಿ ಪಡೆದು, ಹಿರಿಯರ ಆರೈಕೆಗಾಗಿ ಮನೆಯಲ್ಲಿಯೇ ಉಳಿದ ಸೊಸೆಗೆ ಅಥವಾ ನಿವೃತ್ತ ಲೆಕ್ಕಿಗನಿಗೆ ಈ ಕೆಲಸ ಒಪ್ಪುವಂಥದು. ದೊಡ್ಡ ಬಂಡವಾಳ ಬೇಡ. ತನಗೆ ತಿಳಿದ ಒಂದು ಕ್ಷೇತ್ರವನ್ನು, ಅಡಕೆ, ಮೆಣಸು, ಜವಳಿ, ತೆರಿಗೆ ಇವುಗಳಲ್ಲಿ ಯಾವುದಾದರೊಂದನ್ನು, ಆರಿಸಿಕೊಳ್ಳುವುದು ಲೇಸು. ಕಂಪನಿಗಳು ಸಲ್ಲಿಸಿದ ದಾಖಲೆಗಳನ್ನು ಸರ್ಕಾರದ ಜಾಲತಾಣದಲ್ಲಿ ಶುಲ್ಕ ಕೊಟ್ಟು ನೋಡಬಹುದು. ಪೇಟೆಂಟ್ ಕಚೇರಿಯ ದಾಖಲೆಗಳನ್ನು ಉಚಿತವಾಗಿ ಹುಡುಕಬಹುದು. ಕರ್ನಾಟಕದಲ್ಲಿ ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿಯ ಅಗತ್ಯವಿಲ್ಲ. ಪ್ರಶ್ನೆ ಯಾವುದು, ಎಷ್ಟು ದಿನ, ಎಷ್ಟು ಸಂಭಾವನೆ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಇಟ್ಟುಕೊಂಡರೆ ಮುಂದೆ ವೈಮನಸ್ಯಕ್ಕೆ ಎಡೆಯಿರದು.

ಈ ಉದ್ಯೋಗದಲ್ಲಿ ಹುಳು ಬೀಳುವ ಉಗ್ರಾಣವಿಲ್ಲ, ಭಾರ ಹೊರುವ ಎತ್ತಿಲ್ಲ. ಅಲ್ಪಾರಂಭ, ಅಲ್ಪಪರಿಗ್ರಹ ಎಂದು ಶ್ರಾವಕನು ಸಮಾಧಾನಪಡುವುದು ಸಹಜ. ಆದರೆ ಅಕ್ಕಿ ಕೊಳ್ಳುವವನು ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಬಲ್ಲ. ಮಾಹಿತಿ ಕೊಳ್ಳುವವನಿಗೆ ಆ ಅನುಕೂಲವಿಲ್ಲ. ತಾನೇ ಪರೀಕ್ಷಿಸುವ ಶಕ್ತಿಯಿದ್ದಿದ್ದರೆ ಅವನು ಕೊಳ್ಳಲು ಬರುತ್ತಲೇ ಇರಲಿಲ್ಲ. ತಕ್ಕಡಿ ಸಂಪೂರ್ಣವಾಗಿ ಮಾರುವವನ ಕೈಯಲ್ಲಿದೆ. ಆದ್ದರಿಂದಲೇ ಇಲ್ಲಿ ವ್ರತದ ಹೊರತು ಬೇರೆ ಕಾವಲುಗಾರನಿಲ್ಲ.

ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಹೇಳಿದ ಸತ್ಯ ಮತ್ತು ಅಚೌರ್ಯ ವ್ರತಗಳ ಅತಿಚಾರಗಳು ಈ ವೃತ್ತಿಗೆಂದೇ ಬರೆದಂತಿವೆ. ಮೂರು ಗಂಟೆ ಹುಡುಕಿ ಎಂಟು ಗಂಟೆಯ ಸಂಭಾವನೆ ಪಡೆಯುವುದು, ಒಂದೇ ಮೂಲವನ್ನು ನೋಡಿ ಮಾರುಕಟ್ಟೆಯನ್ನೆಲ್ಲ ಶೋಧಿಸಿದೆನೆನ್ನುವುದು ಹೀನಾಧಿಕ ಮಾನೋನ್ಮಾನವಲ್ಲದೆ ಮತ್ತೇನು? ಸೋರಿಹೋದ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಕೊಂಡು ಗ್ರಾಹಕನಿಗೆ ಕೊಡುವುದು ತದಾಹೃತಾದಾನ, ಕಳ್ಳನು ತಂದ ಮಾಲನ್ನು ಸ್ವೀಕರಿಸಿದಂತೆ. ವ್ಯಕ್ತಿಗಳ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಕಾನೂನು ಮಾಡಿತು. ವ್ರತವು ಅದಕ್ಕಿಂತ ಬಹಳ ಹಿಂದಿನದು. ಗ್ರಾಹಕನ ಪ್ರಶ್ನೆಯೇ ಒಂದು ಗುಟ್ಟು. ಶೀತಲಗೃಹದ ಬಾಡಿಗೆಯನ್ನು ವಿಚಾರಿಸಿದ ಮೆಣಸಿನಕಾಯಿ ವ್ಯಾಪಾರಿಯ ಇಂಗಿತವನ್ನು ಅದೇ ಬೀದಿಯ ಇನ್ನೊಬ್ಬ ವ್ಯಾಪಾರಿಗೆ ಸೂಚಿಸಿದರೆ ಅದು ಸಾಕಾರಮಂತ್ರಭೇದ.

ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿನಂತೆ ತೋರುವ ನಕಲಿಯನ್ನು ಮಾರುವುದು, ಇಂದು ಎಂದಿಗಿಂತ ಸುಲಭವಾಗಿದೆ. ಕೃತಕ ಬುದ್ಧಿಮತ್ತೆಯ ಯಂತ್ರವು ಇಲ್ಲದ ಗ್ರಂಥವನ್ನೂ ಇಲ್ಲದ ಅಂಕಿಯನ್ನೂ ಇರುವಂತೆಯೇ ಬರೆದುಕೊಡಬಲ್ಲದು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಇಂಥ ಯಂತ್ರ ಕಲ್ಪಿಸಿದ ತೀರ್ಪುಗಳನ್ನು ನಿಜವೆಂದು ನ್ಯಾಯಾಲಯದ ಮುಂದಿಟ್ಟು 5,000 ಡಾಲರ್ ದಂಡ ತೆತ್ತರು. ಯಂತ್ರದ ನೆರವು ಪಡೆಯುವುದು ದೋಷವಲ್ಲ. ಮೂಲವನ್ನು ತಾನೇ ಕಣ್ಣಾರೆ ನೋಡದೆ ನೋಡಿದೆನೆಂದು ಬರೆಯುವುದು ಅಸತ್ಯ. ‘ಇದು ಸಿಗಲಿಲ್ಲ’ ಎಂಬ ಒಂದು ಸಾಲನ್ನು ವರದಿಯಲ್ಲಿ ಬರೆಯಲು ಧೈರ್ಯವುಳ್ಳವನೇ ಈ ವೃತ್ತಿಗೆ ಯೋಗ್ಯ.

ಇವೆಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿದೆ. ಯಾವ ಜಿಲ್ಲೆಯಲ್ಲಿ ದನಗಳು ಅಗ್ಗ, ಯಾವ ದೇಶದಲ್ಲಿ ಚರ್ಮಕ್ಕೆ ಬೇಡಿಕೆ ಎಂಬ ವರದಿಯನ್ನು ಗ್ರಾಹಕನೊಬ್ಬ ಕೇಳಬಹುದು. ಸಂಭಾವನೆ ಇಡೀ ತಿಂಗಳ ಗಳಿಕೆಗೆ ಸಮನಾಗಿರಬಹುದು. ‘ಅಂಕಿಗಳೆಲ್ಲ ಬಹಿರಂಗವಾಗಿವೆ, ನಾನು ಕೊಡದಿದ್ದರೆ ಬೇರೊಬ್ಬರು ಕೊಡುತ್ತಾರೆ, ನನ್ನ ಕೈ ಯಾವ ಪ್ರಾಣಿಯನ್ನೂ ಮುಟ್ಟಿಲ್ಲ’ ಎಂದು ಮನಸ್ಸು ವಾದಿಸುತ್ತದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ವಾದಕ್ಕೆ ಎಡೆಯನ್ನೇ ಇಟ್ಟಿಲ್ಲ. ಪ್ರಾಣಿಗಳಿಗೆ ಕ್ಲೇಶವಾಗುವ ವ್ಯಾಪಾರದ, ಹಿಂಸೆಯ, ವಂಚನೆಯ ಪ್ರಸಂಗವನ್ನು ಎತ್ತಿಕೊಡುವುದನ್ನೇ ಅವರು ಪಾಪೋಪದೇಶವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ತಾನು ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಆಸ್ರವಕ್ಕೆ ದ್ವಾರಗಳೇ. ದಾರಿ ತೋರಿಸಿ ಹಣ ಪಡೆದವನು ನಡೆದವನಿಂದ ಬೇರೆಯೆಂದು ಹೇಗೆ ಹೇಳಿಕೊಳ್ಳಬಲ್ಲ? ಇಂಥ ಕೆಲಸಗಳ ಪಟ್ಟಿಯನ್ನು ಮೊದಲ ಗ್ರಾಹಕ ಬರುವ ಮುನ್ನವೇ ಬರೆದಿಟ್ಟುಕೊಳ್ಳಬೇಕು. ಹಣ ಎದುರಿಗೆ ಬಂದು ನಿಂತ ಮೇಲೆ ಬುದ್ಧಿ ಲೋಭದ ವಕೀಲಿಕೆ ವಹಿಸುತ್ತದೆ.

ಮನೆಯಲ್ಲಿ ಕುಳಿತ ಮಾತ್ರಕ್ಕೆ ಸಂಯಮ ಸಿದ್ಧಿಸದು. ದೇಶವ್ರತದ ಮಿತಿಯೊಳಗಿದ್ದುಕೊಂಡೇ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಕೂಡ ಅತಿಚಾರವೆಂದು ಸೂತ್ರಕಾರರು ಎಚ್ಚರಿಸಿದ್ದಾರೆ. ಕೆಲಸಕ್ಕೆ ವೇಳೆ ಗೊತ್ತುಮಾಡಿ, ಅಷ್ಟಮಿ ಚತುರ್ದಶಿಗಳಂದು ಯಂತ್ರವನ್ನು ಮುಚ್ಚಿಡುವ ನಿಯಮ ಮನೆಗೂ ಮನಸ್ಸಿಗೂ ಹಿತ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಬಸದಿಯ ಜಮೀನಿನ ಪಹಣಿಗಳನ್ನು ಇಂದು ಅಂತರ್ಜಾಲದಲ್ಲಿಯೇ ಪರಿಶೀಲಿಸಬಹುದು. ಶಾಸನಗಳ, ಪ್ರಕಟಿತ ಗ್ರಂಥಗಳ ಸೂಚಿಗಳನ್ನು ಸಿದ್ಧಪಡಿಸಬಹುದು. ಈ ಕೆಲಸಗಳನ್ನು ಯೋಗ್ಯ ಸಂಭಾವನೆ ಕೊಟ್ಟು ಸಮಾಜದ ಯುವಕ ಯುವತಿಯರಿಗೆ ವಹಿಸಿದರೆ ಅವರಿಗೆ ಶುದ್ಧವಾದ ಮೊದಲ ಗಳಿಕೆ ದೊರೆಯುತ್ತದೆ. ಹಿಂಸೆಯ ವರದಿಯನ್ನು ಬೇಡವೆಂದು ಹಿಂದಿರುಗಿಸುವ ಬಲವೂ ಅವರಿಗೆ ಒದಗುತ್ತದೆ. ಮಕ್ಕಳಿಗೆ ವ್ರತವನ್ನು ಬೋಧಿಸುವ ಸಮಾಜವು ಆ ವ್ರತದಿಂದಾಗುವ ನಷ್ಟದಲ್ಲಿ ಪಾಲು ಹೊರಬೇಕಾದುದೂ ಧರ್ಮವೇ.