ಒಂದು ಗಂಟೆಯ ಚಡ್ಡಿ

ಈಜುಕೊಳಕ್ಕೆಂದೇ ಬೇರೆ ಡಯಾಪರ್ ಸಿಗುತ್ತದೆ ಎಂದರೆ ಮಂಗಳೂರಿನ ಕುದ್ರೋಳಿಯ ಅಜ್ಜಿಯಂದಿರಿಗೆ ನಗು ಬರುವುದು ಸಹಜ. ಆಚೆ ಗುರುಪುರ ಹೊಳೆ, ಹೊಳೆ ದಾಟಿದರೆ ತಣ್ಣೀರುಬಾವಿಯ ಕಡಲು. ಅಲ್ಲಿ ನೀರಿಗಿಳಿಯುವ ಮಗುವಿಗೆ ಸೊಂಟದ ಉಡಿದಾರವೇ ಉಡುಪು. ಆದರೆ ಹೊಳೆಯ ನೀರು ಹರಿದು ಹೋಗುತ್ತದೆ. ಲೇಡಿಹಿಲ್‌ನ ಮಂಗಳಾ ಈಜುಕೊಳವಿರಲಿ, ಅಪಾರ್ಟ್‌ಮೆಂಟಿನ ಪುಟ್ಟ ಕೊಳವಿರಲಿ, ಅಲ್ಲಿ ಅದೇ ನೀರು ಫಿಲ್ಟರಿಗೆ ಹೋಗಿ ಮರಳಿ ಬರುತ್ತದೆ, ನಾಲ್ಕು ಜನರ ಬಾಯಿಗೂ ಹೋಗುತ್ತದೆ. ಹಾಗಾಗಿ ಮಗುವಿಗೆ ಬಿಗಿಯಾದ ಚಡ್ಡಿಯೊಂದು ಬೇಕೇ ಬೇಕು. ನನ್ನ ತಕರಾರು ಇರುವುದು ಪ್ರತಿ ಸಲವೂ ಹೊಸತು ಬೇಕು ಎನ್ನುವುದರ ಮೇಲೆ.

ಮನೆಯಲ್ಲಿ ಹಾಕುವ ಪ್ಯಾಂಪರ್ಸ್ (ನಮ್ಮಲ್ಲಿ ಯಾವ ಕಂಪನಿಯದ್ದಾದರೂ ಪ್ಯಾಂಪರ್ಸೇ) ಕೊಳಕ್ಕೆ ಆಗದು. ಅದರೊಳಗಿನ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ ಉಪ್ಪಿಲ್ಲದ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರಬಲ್ಲದು. ಕೊಳಕ್ಕಿಳಿದ ಸ್ವಲ್ಪ ಹೊತ್ತಿಗೆ ಊದಿ, ಜೋತುಬಿದ್ದು, ಹರಿದರೆ ಲೋಳೆಯಂಥ ಹರಳುಗಳೆಲ್ಲ ನೀರಿಗೆ. ಈಜಿನ ಡಯಾಪರ್ ಹೀಗೆ ಊದದಂತೆ ಮಾಡಿದ್ದು. ಅಂದರೆ ಅದು ಮೂತ್ರವನ್ನು ಹಿಡಿಯುವುದೇ ಇಲ್ಲ. ಹಿಡಿಯುವುದು ಗಟ್ಟಿ ಪದಾರ್ಥವನ್ನು ಮಾತ್ರ, ಅದೂ ತೊಡೆ ಮತ್ತು ಸೊಂಟದ ಇಲಾಸ್ಟಿಕ್‌ನ ಬಲದಿಂದ. ಮನೆಯಿಂದಲೇ ಅದನ್ನು ತೊಡಿಸಿ ಸ್ಕೂಟರ್ ಹತ್ತಿಸಿದವರಿಗೆ ಈ ಸತ್ಯ ದಾರಿಯಲ್ಲೇ ತಿಳಿಯುತ್ತದೆ. ಹೀರುವ ಕೆಲಸವೇ ಇಲ್ಲದ ಮೇಲೆ ಎಸೆಯುವ ಕಾರಣವೂ ಉಳಿಯದು. ಒಳಗೆ ಜಾಲರಿ ಬಟ್ಟೆ, ಹೊರಗೆ ನೀರು ತಡೆಯುವ ಪದರ, ಬದಿಗೆ ಟಿಚ್ ಬಟನ್ ಇರುವ ಒಂದು ಚಡ್ಡಿ ಅದೇ ಕೆಲಸವನ್ನು ಬೇಸಗೆ ರಜೆಯುದ್ದಕ್ಕೂ ಮಾಡುತ್ತದೆ.

ತೊಳೆಯುವವರು ಯಾರು ಎಂಬ ಆಕ್ಷೇಪ ಹಗುರವಾದದ್ದಲ್ಲ. ಹಳೆ ಸೀರೆಯ ಮೆತ್ತನೆ ತುಂಡುಗಳನ್ನು ದಿನವಿಡೀ ಒಗೆದದ್ದು ಮನೆಯ ಹೆಂಗಸರೇ. ಅಮೆರಿಕದ ಮರಿಯನ್ ಡೊನೊವನ್ ಬಚ್ಚಲುಮನೆಯ ಪರದೆ ಕತ್ತರಿಸಿ ಒದ್ದೆ ಹೊರಬಾರದ ಮೇಲ್ಚಡ್ಡಿ ಹೊಲಿದದ್ದೂ ಇದೇ ಕಾಟದಿಂದ. ಅದು 1949ರಲ್ಲಿ ಅಂಗಡಿಗೆ ಬಂತು, 1951ರಲ್ಲಿ ಪೇಟೆಂಟ್ ಸಿಕ್ಕಿತು. ಪಿನ್ನಿನ ಬದಲು ಟಿಚ್ ಬಟನ್ ಇದ್ದ ಆ ಮೇಲ್ಚಡ್ಡಿಯನ್ನು ಈಗಿನ ಈಜುಚಡ್ಡಿಯ ಅಜ್ಜಿ ಎಂದರೆ ತಪ್ಪಾಗದು. ಹತ್ತು ವರ್ಷದ ಬಳಿಕ, 1961ರಲ್ಲಿ, ಪ್ಯಾಂಪರ್ಸ್ ಬಂದು ಒಗೆಯುವುದನ್ನೇ ತಪ್ಪಿಸಿತು. ದಿನಕ್ಕೆ ಏಳೆಂಟು ಸಲ ಬದಲಿಸುವ ಮನೆಯಲ್ಲಿ ಅದಕ್ಕೆ ಕೊಟ್ಟ ದುಡ್ಡು ದಂಡವೆಂದು ನಾನು ಹೇಳಲಾರೆ. ಆದರೆ ಈಜುಚಡ್ಡಿ ವಾರಕ್ಕೊಮ್ಮೆಯೋ ಎರಡು ಸಲವೋ, ಒಂದು ಗಂಟೆಯ ಮಟ್ಟಿಗೆ ಮೈಮೇಲಿರುವಂಥದ್ದು. ಎಷ್ಟೋ ಸಲ ಅದಕ್ಕಂಟುವುದು ಕ್ಲೋರಿನ್ ವಾಸನೆ ಮಾತ್ರ. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ತಂದು, ಎಸೆಯುವುದೇ ಅನುಕೂಲ ಎನ್ನುವುದು ಮಾರುವವರ ಗಣಿತ. ಜೂನ್ ನಂತರ ನಮ್ಮೂರಿನಲ್ಲಿ ಏನೂ ಒಣಗುವುದಿಲ್ಲ, ನಿಜ; ಆ ಮಳೆಯಲ್ಲಿ ಮಕ್ಕಳನ್ನು ಕೊಳಕ್ಕಿಳಿಸುವವರೂ ಕಡಿಮೆ.

ಬಳಸಿ ಎಸೆಯುವುದರಲ್ಲಿ ಶುಚಿ ಹೆಚ್ಚು ಎನ್ನುವವರಿದ್ದಾರೆ. ರೋಗಾಣುವನ್ನು ಪೂರ್ತಿ ತಡೆಯುವ ಶಕ್ತಿ ಎರಡಕ್ಕೂ ಇಲ್ಲ. ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಕ್ಲೋರಿನ್ ಹಾಕಿದ ನೀರಿನಲ್ಲೂ 7 ದಿನಕ್ಕಿಂತ ಹೆಚ್ಚು ಬದುಕಬಲ್ಲದು. ಹೊಟ್ಟೆ ಕೆಟ್ಟ ಮಗುವನ್ನು ನೀರಿಗೆ ಬಿಡದಿರುವುದು, ಗಂಟೆಗೊಮ್ಮೆ ಚಡ್ಡಿ ನೋಡುವುದು, ಕೊಳದ ದಂಡೆಯಲ್ಲಿ ಬದಲಿಸದಿರುವುದು: ಇದಕ್ಕೆಲ್ಲ ಕಾಸು ಬೇಡ. ಎಸೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮಂಗಳೂರಿನವರು ಮರೆಯುವಂತಿಲ್ಲ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ಅಡಿಕೆ ತೋಟಗಳನ್ನು ಮುಚ್ಚಿತ್ತು. ಎಸೆಯುವಂಥದ್ದೇ ಕಡ್ಡಾಯ ಎನ್ನುವ ಕೊಳಗಳಿದ್ದರೆ ಬೇರೆ ಮಾತು. ಅಲ್ಲಿಗೆ ಹೋಗುವವರು ಬಿಡಿಯಾಗಿ ಒಂದೆರಡು ಕೊಂಡರೆ ಸಾಕು, ದೊಡ್ಡ ಪ್ಯಾಕೆಟ್ ಮುಗಿಯುವುದರೊಳಗೆ ಮಗುವಿನ ಅಳತೆಯೇ ಬದಲಾಗಿರುತ್ತದೆ. ಉಳಿದವರು ಬಟ್ಟೆಯ ಚಡ್ಡಿಯ ಬಣ್ಣ, ಚಿತ್ರಗಳಿಗೆ ದುಡ್ಡು ಸುರಿಯದೆ ತೊಡೆಯ ಹತ್ತಿರ ಸಂದಿ ಉಳಿಯುತ್ತದೆಯೇ ಎಂದು ಬೆರಳಿಟ್ಟು ನೋಡಿ ಕೊಳ್ಳಲಿ. ಈ ಬೇಸಗೆ ಅಕ್ಕನಿಗಾದದ್ದು ಮುಂದಿನದಕ್ಕೆ ತಮ್ಮನಿಗೂ ಆಗುತ್ತದೆ, ಇಲಾಸ್ಟಿಕ್ ಸಡಿಲವಾಗಿದ್ದರೆ ದರ್ಜಿಯ ಹತ್ತಿರ ಹೊಸದು ಹಾಕಿಸಿ.