ಹನ್ನೆರಡೂ ಹದಿಮೂರೂ

ಹಳೆಯ ಯಂತ್ರವನ್ನು ಕೊಳ್ಳುವವನು ಬಹುಮಟ್ಟಿಗೆ ಅರ್ಧ ಯಂತ್ರವನ್ನೇ ಕೊಳ್ಳುತ್ತಾನೆ. ಹೊನ್ನಾವರದ ಬಡಗಿಯೊಬ್ಬನು ದೋಣಿಯ ಕಬ್ಬಿಣದ ಪಟ್ಟಿಗಳಿಗೆ ತೂತು ಕೊರೆಯಲೆಂದು ಭಟ್ಕಳದಿಂದ ಅಂಥದೊಂದನ್ನು ಅಗ್ಗಕ್ಕೆ ತಂದನು. ಪೀಠವನ್ನು ಬಿಗಿಯುವ ಅರ್ಧ ಅಂಗುಲದ ಬೋಲ್ಟು ಇದ್ದಿತು; ನಟ್ಟು ಇರಲಿಲ್ಲ. ಕುಮಟೆಯ ಗುಜರಿಯಲ್ಲಿ, ಮುರಿದುಬಿದ್ದ ಬೇರೊಂದು ಯಂತ್ರದ ನಟ್ಟು ದೊರೆಯಿತು. ಒಬ್ಬನ ಕುದುರೆಗಳು ಕಳೆದುಹೋಗಿ, ಇನ್ನೊಬ್ಬನ ರಥವು ಸುಟ್ಟುಹೋದಾಗ, ಉಳಿದುವನ್ನು ಕೂಡಿಸಿ ಇಬ್ಬರೂ ಊರು ಸೇರಿದರೆಂಬುದು ನಷ್ಟಾಶ್ವದಗ್ಧರಥನ್ಯಾಯವಷ್ಟೆ. ಕಬ್ಬಿಣವು ಆ ನ್ಯಾಯಕ್ಕೆ ಒಳಪಡಲಿಲ್ಲ. ನಟ್ಟು ಎರಡು ಬಾರಿ ನಯವಾಗಿ ತಿರುಗಿ, ಅಲ್ಲಿಯೇ ಕಚ್ಚಿ ನಿಂತಿತು.

ಕಾರಣವು ಕಣ್ಣಿಗೆ ಸುಲಭವಾಗಿ ತೋರುವಂಥದಲ್ಲ. 1841ರಲ್ಲಿ ಇಂಗ್ಲೆಂಡಿನ ವಿಟ್‌ವರ್ತನು ಸೂಚಿಸಿದ ಕ್ರಮದಂತೆ ಈ ಗಾತ್ರದ ಬೋಲ್ಟಿಗೆ ಅಂಗುಲಕ್ಕೆ 12 ಸುತ್ತು ತಿರುಪು. 1864ರಲ್ಲಿ ಅಮೆರಿಕದ ಸೆಲರ್ಸನು ಸೂಚಿಸಿದಂತೆ 13. ತಿರುಪಿನ ಕೋನವೂ ಅಲ್ಲಿ 55 ಅಂಶ, ಇಲ್ಲಿ 60. ಹೊಸದನ್ನೇ ಕೊಳ್ಳೋಣವೆಂದರೆ, 1956ರ ಕಾಯಿದೆಯ ತರುವಾಯ ನಮ್ಮ ಅಂಗಡಿಗಳಿಗೆ ಮಿಲಿಮೀಟರಿನ ಲೆಕ್ಕ ಬಂದಿದೆ. ಬಲವಂತದಿಂದ ಬಿಗಿದಿದ್ದರೆ ಇದ್ದ ಬೋಲ್ಟೂ ಕೆಡುತ್ತಿತ್ತು. ಆ ತಾಳ್ಮೆ ಅವನಿಗಿದ್ದುದು ಪುಣ್ಯ.

ನಾಲ್ಕು ದಿನದ ಕೂಲಿ ಹೋಯಿತು. ದೋಣಿಯವನು ಎರಡು ಸಲ ಬಂದು ಮುಖ ಸಿಂಡರಿಸಿ ಹೋದನು. ಕಡೆಗೆ ಲೇತಿನವನೊಬ್ಬನು 12 ಸುತ್ತಿನ ನಟ್ಟನ್ನು ಕೊರೆದುಕೊಟ್ಟನು. ಕುಮಟೆಯದನ್ನು ಬಡಗಿಯು ಎಸೆಯದೆ ಗೋಡೆಯ ಮೊಳೆಗೆ ತೂಗುಹಾಕಿದ್ದಾನೆ.